ಹತ್ತು ಜನರಿದ್ದರೆ ಮಾತ್ರ ಪಾಠ

ನಗುವಂಥ ಸಂಗತಿಗಳು ಬೇರೆಯವರಿಗೆ ಅಲ್ಲೊಂದು ಇಲ್ಲೊಂದು ನಡೆಯುತ್ತವೆ. ನನಗೆ ವರ್ಷಕ್ಕೊಂದು ವಾರ ಎಲ್ಲವೂ ಒಟ್ಟಿಗೇ ನಡೆಯುತ್ತವೆ, ನಡೆಯುವಾಗ ನಗು ಬರುವುದಿಲ್ಲ, ಮೈ ಉರಿಯುತ್ತದೆ. ಕೇಳಿದವರು ನಗುತ್ತಾರೆ. ನಗಲಿ.

ಚಾಮರಾಜಪೇಟೆಯ ಒಂದು ಸಂಜೆ ಕಾಲೇಜಿನಲ್ಲಿ ನಾನು ಎಂ.ಎ. ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಹಗಲೆಲ್ಲ ದುಡಿದು ಸಂಜೆ ಆರಕ್ಕೆ ಬೆಂಚಿಗೆ ಬಂದು ಕೂರುವವರೇ ನನ್ನ ವಿದ್ಯಾರ್ಥಿಗಳು. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ. ಎರಡನೇ ವರ್ಷ ಒಂದು ಐಚ್ಛಿಕ ಪತ್ರಿಕೆ ಆರಿಸಿಕೊಳ್ಳಬೇಕು. ನನ್ನದು ಕಾರ್ಮಿಕ ಅರ್ಥಶಾಸ್ತ್ರ: ಕೂಲಿ, ಕೆಲಸದ ವೇಳೆ, ರಜೆ, ಸಂಘ, ಇಂಥವು. ಹನ್ನೊಂದು ವರ್ಷದಿಂದ ಅದನ್ನೇ ಹೇಳಿಕೊಡುತ್ತಿದ್ದೇನೆ, ಹನ್ನೊಂದು ವರ್ಷದಿಂದಲೂ ನನ್ನ ಹುದ್ದೆಯ ಹೆಸರು ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷ ಉಳಿದವರನ್ನೂ ಅತಿಥಿ ಎನ್ನುವ ಮನೆ ಇದೊಂದೇ ಇರಬೇಕು, ಅದೂ ಒಂದು ಲೋಟ ಕಾಫಿ ಕೊಡದೆ.

ಈ ವರ್ಷದ ಆರಂಭದಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ಒಂದು ನೋಟೀಸು ಹಾಕಿದರು. ಹತ್ತು ಜನ ಸೇರದ ಪತ್ರಿಕೆಯನ್ನು ಇನ್ನು ಮುಂದೆ ನಡೆಸುವುದಿಲ್ಲ, ಅದನ್ನು ಆರಿಸಿದವರು ನಡೆಯುವ ಪತ್ರಿಕೆಗೆ ಸೇರಬೇಕು. ಅದರ ಕೆಳಗೆ ಇನ್ನೊಂದು ಸಾಲು: ಈ ವರ್ಷದಿಂದ ಮುಖ್ಯಸ್ಥರೇ ‘ಫೈನಾನ್ಷಿಯಲ್ ಅನಾಲಿಟಿಕ್ಸ್’ ಎಂಬ ಹೊಸ ಪತ್ರಿಕೆ ತೆಗೆದುಕೊಳ್ಳುತ್ತಾರೆ. ಐಚ್ಛಿಕ ಪತ್ರಿಕೆ ಹೇಳಿಕೊಡುವವರು ನಾವಿಬ್ಬರೇ, ಎರಡನೇ ವರ್ಷದಲ್ಲಿದ್ದವರು ಒಟ್ಟು ಹತ್ತೊಂಬತ್ತು ಜನ. ಇಬ್ಬರಲ್ಲಿ ಒಬ್ಬರಿಗೆ ಹತ್ತು ಸಿಗುವುದಿಲ್ಲ ಎನ್ನಲು ಅರ್ಥಶಾಸ್ತ್ರ ಬೇಡ, ಒಂದನೇ ಕ್ಲಾಸಿನ ಮಗ್ಗಿ ಸಾಕು. ಪತ್ರಿಕೆ ನಿಂತರೆ ಮುಖ್ಯಸ್ಥರಿಗೆ ಏನೂ ಆಗುವುದಿಲ್ಲ, ಅವರು ಖಾಯಂ. ನನ್ನದು ನಿಂತರೆ ನಾನೇ ಮನೆಗೆ.

ಗಾಂಧಿ ಬಜಾರಿನ ಪ್ರಶ್ನೆ

ಆ ಸೋಮವಾರ ಬೆಳಿಗ್ಗೆ ಇದೇ ಉರಿಯಲ್ಲಿ ತರಕಾರಿಗೆ ಹೋಗಿದ್ದೆ. ನಾನು ಯಾವಾಗಲೂ ಕೊಳ್ಳುವ ಹೆಂಗಸು ಟೊಮೆಟೊ ತೂಗುತ್ತಾ ಕೇಳಿದಳು, “ಮೇಡಂ, ನೀವು ಎಕನಾಮಿಕ್ಸ್ ಟೀಚರ್ ಅಂತೆ? ಟೊಮೆಟೊ ರೇಟು ಯಾವಾಗ ಇಳಿಯುತ್ತೆ, ಹೇಳಿ ನೋಡೋಣ.”

“ನೀನು ಇಳಿಸಿದಾಗ,” ಎಂದೆ.

“ನಾನು ಇಳಿಸಲ್ಲ,” ಎಂದಳು ಚೀಲಕ್ಕೆ ಸುರಿಯುತ್ತಾ. “ಇಷ್ಟು ಹೇಳಕ್ಕೆ ಎಂ.ಎ. ಓದ್ಬೇಕಾ?”

ಪಟ್ಟಿಯಲ್ಲಿದೆ

ಅದೇ ಸಂಜೆ ವಿದ್ಯಾರ್ಥಿಗಳು ಆಫೀಸಿನ ಕೌಂಟರಿನಲ್ಲಿ ಅರ್ಜಿ ಕೊಡಲು ಶುರು ಮಾಡಿದರು. ನಮ್ಮ ಗುಮಾಸ್ತರದು ಒಂದು ವಿಚಿತ್ರ ಅಭ್ಯಾಸ. ಯಾವ ಅರ್ಜಿ ಬಂದರೂ ಮೊದಲಕ್ಷರದಿಂದ ಕೊನೆಯ ಸಹಿಯವರೆಗೆ ಗಟ್ಟಿಯಾಗಿ ಓದುತ್ತಾರೆ, ಆಮೇಲೆಯೇ ಸೀಲು. ಕೌಂಟರಿನ ಮುಂದೆ ನಿಂತವರಿಗೆ ಊರಿನವರ ಜಾತಕವೆಲ್ಲ ಬಾಯಿಪಾಠ.

ಬ್ಯಾಂಕೊಂದರ ಎಟಿಎಂ ಕಾಯುವ ನನ್ನ ವಿದ್ಯಾರ್ಥಿಯೊಬ್ಬ ಕಾಲೇಜಿನ ಬಣ್ಣದ ಪುಸ್ತಿಕೆ ಹಿಡಿದು ಬಂದ. ಅದರಲ್ಲಿ ಎಂಟು ಐಚ್ಛಿಕ ಪತ್ರಿಕೆಗಳು ಪಟ್ಟಿಯಾಗಿ ನಿಂತಿದ್ದವು.

“ಸಾರ್, ಆರೋಗ್ಯ ಅರ್ಥಶಾಸ್ತ್ರ?”

“ಇಲ್ಲ.”

“ಪರಿಸರ ಅರ್ಥಶಾಸ್ತ್ರ?”

“ಇಲ್ಲ.”

“ನಗರ ಅರ್ಥಶಾಸ್ತ್ರ? ಕೃಷಿ?”

“ಇಲ್ಲ, ಇಲ್ಲ.”

ಮಧ್ಯಾಹ್ನ ಮೂರು ಗಂಟೆಗೆ ಹೋಟೆಲಿಗೆ ಹೋಗಿ ಬೋರ್ಡಿನಲ್ಲಿರುವ ದೋಸೆಗಳನ್ನೆಲ್ಲ ಕೇಳಿದ ಹಾಗಾಯಿತು. ಅವನಿಗೂ ರೇಗಿತು. “ಏನಿದೆ ಅನ್ನೋದನ್ನ ನೀವೇ ಹೇಳ್ಬಿಡಿ ಸಾರ್, ಅದನ್ನೇ ಬರೀತೀನಿ.”

ಗುಮಾಸ್ತರು ಕನ್ನಡಕ ಏರಿಸಿ ಹೇಳಿದರು, “ಹಾಗೆಲ್ಲ ಆಗಲ್ಲಪ್ಪ. ನಿಂಗೆ ಏನು ಬೇಕೋ ಅದನ್ನ ನೀನು ಬರೆದುಕೊಡ್ಬೇಕು. ಆಮೇಲೆ ಇಲ್ಲ ಅಂತ ನಾವು ಬರೆದುಕೊಡ್ತೀವಿ.”

ಹಲಗೆಯ ಮೇಲೆ ಕ್ಲಿಕ್ಕು

ಆರಿಸಿಕೊಳ್ಳುವ ಮೊದಲು ರುಚಿ ನೋಡಲಿ ಎಂದು ಎರಡು ಪತ್ರಿಕೆಗೂ ಒಂದೊಂದು ಪರಿಚಯದ ಕ್ಲಾಸು. ಮಂಗಳವಾರ ಮುಖ್ಯಸ್ಥರದು, ನಾನೂ ಹೋಗಿ ಹಿಂದೆ ಕೂತೆ. ಅವರು ಬಂದವರೇ ಮುಂದಿನ ಬೆಂಚು ತೋರಿಸಿದರು. ಅಲ್ಲಿ ಅವರ ಹೆಂಡತಿ ಕೂತಿದ್ದರು. ಮಕ್ಕಳ ಮದುವೆಯಾದ ಮೇಲೆ ನಮ್ಮಲ್ಲೇ ಎಂ.ಎ.ಗೆ ಸೇರಿದ್ದಾರೆ. ಸಣ್ಣ ಅಕ್ಷರದಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಾರೆ, ಮಾತು ಕಡಿಮೆ. ಹುಡುಗರೆಲ್ಲ ಆಂಟಿ ಎನ್ನುತ್ತಾರೆ.

“ನನ್ನ ಪೇಪರಿಗೆ ನಮ್ಮನೆಯವರದೇ ಬೋಣಿ,” ಎಂದರು ಮುಖ್ಯಸ್ಥರು ಎದೆಯುಬ್ಬಿಸಿ. “ಫಾರಂ ನಾನೇ ತುಂಬಿ ಕೊಟ್ಬಿಟ್ಟೆ. ನೀವೂ ತಡ ಮಾಡ್ಬೇಡಿ.”

ಆಂಟಿ ತಲೆ ಎತ್ತಲಿಲ್ಲ. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು.

ಹೊಸ ಪತ್ರಿಕೆಗೆ ಕಂಪ್ಯೂಟರ್ ಬೇಕು. ನಮ್ಮಲ್ಲಿ ಆರಿವೆ. ಮೂರು ಆನ್ ಆಗುವುದಿಲ್ಲ, ಎರಡಕ್ಕೆ ಮೌಸ್ ಇಲ್ಲ, ಸರಿಯಿರುವ ಒಂದರ ಪಾಸ್‌ವರ್ಡ್ ಎಂದೋ ನಿವೃತ್ತರಾದ ಲೈಬ್ರೇರಿಯನ್‌ಗೆ ಮಾತ್ರ ಗೊತ್ತು. ಆದ್ದರಿಂದ ಮುಖ್ಯಸ್ಥರು ಸ್ಕೇಲು ಹಿಡಿದು ಕರಿಹಲಗೆಯ ಮೇಲೆ ಅಡ್ಡ ಗೆರೆ, ಉದ್ದ ಗೆರೆ ಎಳೆದರು.

“ಇದು ಎಕ್ಸೆಲ್ ಶೀಟು. ಈಗ ಈ ಬಾಕ್ಸ್ ಮೇಲೆ ಕ್ಲಿಕ್ ಮಾಡ್ತೀನಿ, ನೋಡಿ.” ಚಾಕ್‌ಪೀಸಿನಿಂದ ಟಕ್ ಎಂದು ಕುಟ್ಟಿದರು. “ಇದು ಡಬಲ್ ಕ್ಲಿಕ್.” ಟಕ್ ಟಕ್.

ಒಂದು ಗಂಟೆಯಲ್ಲಿ ಹಲಗೆ ತುಂಬ ಅಂಕಿ. ಏನಾದರೂ ಪ್ರಶ್ನೆ ಇದೆಯಾ ಎಂದು ಕೇಳಿದಾಗ ಹಿಂದಿನ ಬೆಂಚಿನಿಂದ ಒಬ್ಬ ಎದ್ದುನಿಂತ. “ಸಾರ್, ಸೇವ್ ಮಾಡ್ಬಿಡಿ. ಮುಂದಿನ ಕ್ಲಾಸಿನವರು ಬಂದು ಒರೆಸಿಬಿಡ್ತಾರೆ.”

ನಿಮ್ಮದು ಪರ್ಮನೆಂಟಾ?

ಬುಧವಾರ ನನ್ನ ಸರದಿ. ಮುಖ್ಯಸ್ಥರು ಬಂದು ಕೊನೆಯ ಬೆಂಚಿನಲ್ಲಿ ಕೂತರು, ಮದುವೆಗೆ ಬಂದ ಗಂಡಿನ ಕಡೆಯವರ ಹಾಗೆ ಕಾಲ ಮೇಲೆ ಕಾಲು ಹಾಕಿಕೊಂಡು. ನಾನು ಅವರ ಕಡೆ ನೋಡಲಿಲ್ಲ. ಹಲಗೆಯ ಮೇಲೆ ಇಪ್ಪತ್ನಾಲ್ಕು ಗಂಟೆ ಬರೆದು, ಯಾರು ಎಷ್ಟು ಹೊತ್ತು ದುಡಿಯುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಾ ಬಂದೆ.

ಆಂಟಿ ಆ ವರ್ಷದಲ್ಲೇ ಮೊದಲ ಬಾರಿಗೆ ಬಾಯಿ ಬಿಟ್ಟರು. “ಮೇಡಂ, ಬೆಳಿಗ್ಗೆ ಐದರಿಂದ ಇಲ್ಲಿಗೆ ಬರೋವರೆಗೂ ಮನೇಲಿ ಮಾಡ್ತೀನಲ್ಲ, ಅದು ಕೆಲಸಾನಾ?”

“ಅದನ್ನೇ ಬೇರೆಯವರನ್ನ ಇಟ್ಟು ಮಾಡಿಸಿದ್ರೆ ಕೆಲಸ,” ಎಂದೆ. “ನೀವೇ ಮಾಡಿದ್ರೆ ದೇಶದ ಲೆಕ್ಕದಲ್ಲಿಲ್ಲ. ಯಾಕೆ ಹೀಗೆ ಅನ್ನೋದೇ ನಮ್ಮ ಮೊದಲನೇ ಯೂನಿಟ್ಟು.”

ಹಿಂದಿನಿಂದ ಮುಖ್ಯಸ್ಥರು ನಕ್ಕರು. “ಅದೆಲ್ಲ ಪ್ರೀತಿಯಿಂದ ಮಾಡೋದು. ಅದಕ್ಕೆ ಯಾಕಮ್ಮ ಥಿಯರಿ?”

ಆಂಟಿ ಅದನ್ನೂ ಬರೆದುಕೊಂಡರು. ನನಗೆ ಹಲಗೆ ಒರೆಸುವ ಡಸ್ಟರನ್ನು ಎಸೆಯಬೇಕೆನಿಸಿತು. ಎಸೆಯಲಿಲ್ಲ, ಅತಿಥಿಗಳು ಹಾಗೆ ಮಾಡಬಾರದು.

ಕ್ಲಾಸು ಮುಗಿಯುವಾಗ ಟೈಲರ್ ಅಂಗಡಿಯಲ್ಲಿ ಕಟಿಂಗ್ ಮಾಡುವ ವಿದ್ಯಾರ್ಥಿಯೊಬ್ಬ ಎದ್ದ. “ತಪ್ಪು ತಿಳ್ಕೋಬೇಡಿ ಮೇಡಂ. ನಿಮ್ಮದು ಪರ್ಮನೆಂಟಾ?”

“ಅಲ್ಲ.”

“ಎಷ್ಟು ವರ್ಷ ಆಯ್ತು?”

“ಹನ್ನೊಂದು.”

“ಮತ್ತೆ ಈ ಸಬ್ಜೆಕ್ಟ್ ಓದಿ ನಿಮಗೇನು ಅನುಕೂಲ ಆಯ್ತು?”

ಸುಳ್ಳು ಹೇಳುವಷ್ಟು ತಾಳ್ಮೆ ನನ್ನಲ್ಲಿ ಉಳಿದಿರಲಿಲ್ಲ. “ಯಾಕೆ ಪರ್ಮನೆಂಟ್ ಆಗಿಲ್ಲ ಅನ್ನೋದನ್ನ ನಾಲ್ಕು ಸಿದ್ಧಾಂತಗಳ ಪ್ರಕಾರ ವಿವರಿಸಬಲ್ಲೆ,” ಎಂದೆ.

ಅವನು ಅಲ್ಲೇ ಪೆನ್ನು ತೆಗೆದು ನನ್ನ ಪತ್ರಿಕೆಗೆ ಗುರುತು ಹಾಕಿದ. ಪಾಪ ಎನಿಸಿತೋ ಏನೋ.

ಒಂದು ಅಧ್ಯಾಯ ಬಿಟ್ಟು

ಗುರುವಾರಕ್ಕೆ ನನಗೆ ಒಂಬತ್ತು, ಮುಖ್ಯಸ್ಥರಿಗೆ ಒಂಬತ್ತು. ಉಳಿದವನು ಒಬ್ಬನೇ. ಅವನು ಚಿಕ್ಕಪೇಟೆಯ ಒಂದು ಸೀರೆ ಅಂಗಡಿಯಲ್ಲಿ ಬಿಲ್ ಬರೆಯುತ್ತಾನೆ. “ನನಗೆ ನಿಮ್ಮ ಸಬ್ಜೆಕ್ಟೇ ಇಷ್ಟ ಮೇಡಂ. ಆದ್ರೆ ಯಜಮಾನ್ರನ್ನ ಒಂದು ಮಾತು ಕೇಳ್ಬೇಕು,” ಎಂದ. ಓದುವವನು ಇವನು, ಆರಿಸುವವರು ಸೀರೆ ಅಂಗಡಿಯವರು! ಹಲ್ಲು ಕಡಿದುಕೊಂಡು ಮರುದಿನ ಬೆಳಿಗ್ಗೆ ಶಂಕರಪುರಂನ ನನ್ನ ಮನೆಯಿಂದ ಚಿಕ್ಕಪೇಟೆಗೆ ಹೋದೆ.

ಯಜಮಾನರು ಹಣೆ ತುಂಬ ವಿಭೂತಿ ಧರಿಸಿದ ಹಿರಿಯರು. ಬಹಳ ಮರ್ಯಾದೆಯಿಂದ “ಬನ್ನಿ ತಾಯಿ, ಕೂತ್ಕೊಳ್ಳಿ” ಎಂದು ಸೀರೆ ಹರಡುವ ಬಿಳಿ ಹಾಸಿನ ಮೇಲೆ ಜಾಗ ಮಾಡಿಕೊಟ್ಟು, ಕಾಫಿ ತರಿಸಿದರು. ಹನ್ನೊಂದು ವರ್ಷ ನಮ್ಮ ಕಾಲೇಜು ಕೊಡದ ಕಾಫಿ ಅದು. ಸಂಕೋಚವಿಲ್ಲದೆ ಕುಡಿದೆ.

“ಲೇಬರ್ ಎಕನಾಮಿಕ್ಸ್ ಅಂದ್ರೆ ಏನು ತಾಯಿ? ಅದನ್ನ ಓದಿ ನಮ್ಮ ಅಂಗಡೀಲಿ ಸಂಘ ಕಟ್ತಾನಾ?”

“ನಾಲ್ಕೇ ಜನ ಇದೀರಿ, ಅದರಲ್ಲಿ ಇಬ್ಬರು ನಿಮ್ಮ ತಮ್ಮಂದಿರು. ಯಾರ ಜೊತೆ ಕಟ್ತಾನೆ?”

ಅವರಿಗೆ ಸಮಾಧಾನವಾಗಲಿಲ್ಲ. ಪಠ್ಯಕ್ರಮದ ಹಾಳೆ ಕೇಳಿ ಪಡೆದು, ಸೀರೆಯ ಅಂಚು ನೋಡುವವರಂತೆ ಬೆಳಕಿಗೆ ಹಿಡಿದು ಬೆರಳಿಟ್ಟು ಓದಿದರು. ಕೊನೆಗೆ ದೊಡ್ಡ ಮನಸ್ಸು ಮಾಡಿದರು. “ಆಗಲಿ, ಓದಲಿ. ವಿದ್ಯೆಗೆ ನಾವು ಅಡ್ಡ ಬರಲ್ಲ. ಆದ್ರೆ ಈ ರಜೆ ಅನ್ನೋ ಅಧ್ಯಾಯ ಇದೆಯಲ್ಲ, ಅದೊಂದನ್ನ ಬಿಟ್ಟು ಓದಲಿ.”

ಬದಲಾವಣೆ ಅರ್ಜಿ

ಶುಕ್ರವಾರ ಸಂಜೆ ನನಗೆ ಹತ್ತಾಯಿತು. ಒಂದು ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ. ಅಷ್ಟೇ ಸಿಕ್ಕಿದ್ದು.

ಶನಿವಾರ ಬರುವಷ್ಟರಲ್ಲಿ ಮುಖ್ಯಸ್ಥರು ಇನ್ನೊಂದು ನೋಟೀಸು ಅಂಟಿಸಿದ್ದರು. ವಿದ್ಯಾರ್ಥಿಗಳ ಹಿತದೃಷ್ಟಿಯಿಂದ, ಆರಿಸಿದ ಪತ್ರಿಕೆಯನ್ನು ಬದಲಾಯಿಸಲು ಅಂದು ಸಂಜೆ ಏಳರವರೆಗೆ ಅವಕಾಶವಿದೆ. ಹತ್ತೊಂಬತ್ತು ಜನರ ಹಿತ ಅವರಿಗೆ ಒಂದೇ ರಾತ್ರಿಯಲ್ಲಿ ಹೊಳೆದಿತ್ತು. ಬದಲಾವಣೆ ಅರ್ಜಿಗೆ ವಿಭಾಗ ಮುಖ್ಯಸ್ಥರ ಸಹಿ ಬೇಕು. ಬಂದವನು ಸಹಿಗೆ ಕಾದು ಮನಸ್ಸು ಬದಲಾಯಿಸಿಬಿಟ್ಟರೆ ಎಂದು ಇಪ್ಪತ್ತೈದು ಖಾಲಿ ಅರ್ಜಿಗಳಿಗೆ ಮೊದಲೇ ಸಹಿ ಹಾಕಿ ಕೌಂಟರಿನಲ್ಲಿ ಇಟ್ಟಿದ್ದರು. ಅಷ್ಟು ಸಾಲದು ಎಂದು ಚಿಕ್ಕಪೇಟೆಗೂ ಹೋಗಿಬಂದಿದ್ದರು.

ಆರು ಗಂಟೆಗೆ ಬಿಲ್ ಬರೆಯುವವನು ಕೌಂಟರಿನ ಮುಂದೆ ನಿಂತ. ನನ್ನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಗುಮಾಸ್ತರು ಎಂದಿನಂತೆ ಗಟ್ಟಿಯಾಗಿ ಓದಿದರು. “ಬದಲಾವಣೆಗೆ ಕಾರಣ: ಅನಾಲಿಟಿಕ್ಸ್ ಓದಿದರೆ ಅಂಗಡಿಗೆ ಕಂಪ್ಯೂಟರ್ ಕೆಲಸ ಪುಕ್ಕಟೆ ಆಗುತ್ತದೆ ಎಂದು ಸಾರ್ ಹೇಳಿದರಂತೆ, ಯಜಮಾನರು ಒಪ್ಪಿದರು.” ಸೀಲು ಬಿತ್ತು.

ನನಗೆ ಒಂಬತ್ತು. ಅವರಿಗೆ ಹತ್ತು.

“ನೋಡಿಮ್ಮ, ಬೇಜಾರು ಮಾಡ್ಕೋಬೇಡಿ,” ಎಂದರು ಮುಖ್ಯಸ್ಥರು. “ಕಾಲ ಬದಲಾಗ್ತಿದೆ. ಆಯ್ಕೆ ಅನ್ನೋದು ವಿದ್ಯಾರ್ಥಿಗಳದ್ದು, ನಾವು ಗೌರವಿಸಬೇಕು.”

ನನಗೆ ಎಂಥ ಸಿಟ್ಟು ಬಂತೆಂದರೆ ಕಣ್ಣಲ್ಲಿ ನೀರು ಬಂತು. ಅದನ್ನು ಅವರು ಅಳು ಎಂದುಕೊಂಡರಲ್ಲ ಎಂದು ಇನ್ನೂ ಸಿಟ್ಟು ಬಂತು. ಸ್ಟಾಫ್ ರೂಮಿಗೆ ಹೋಗಿ ನನ್ನ ನೋಟ್ಸುಗಳನ್ನು ಚೀಲಕ್ಕೆ ತುಂಬಿದೆ. ಹನ್ನೊಂದು ವರ್ಷದ್ದು ಒಂದೇ ಚೀಲದಲ್ಲಿ ಹಿಡಿಯಿತು. ಲೈಬ್ರರಿಯ ಪುಸ್ತಕ ಎರಡಿದ್ದವು, ವಾಪಸು ಕೊಡೋಣ ಎಂದು ಏಳಕ್ಕೆ ಐದು ನಿಮಿಷ ಇರುವಾಗ ಆಫೀಸಿನ ಮುಂದೆ ಬಂದೆ.

ಕೌಂಟರಿನಲ್ಲಿ ಆಂಟಿ ನಿಂತಿದ್ದರು. ಕೈಯಲ್ಲಿ ಬದಲಾವಣೆ ಅರ್ಜಿ, ಸಣ್ಣ ಅಕ್ಷರದಲ್ಲಿ ತುಂಬಿದ್ದು. ನನ್ನ ಪತ್ರಿಕೆಗೆ ಬನ್ನಿ ಎಂದು ಈ ಇಡೀ ವಾರದಲ್ಲಿ ಅವರೊಬ್ಬರನ್ನು ಮಾತ್ರ ನಾನು ಕೇಳಿರಲಿಲ್ಲ. ಮುಖ್ಯಸ್ಥರ ಹೆಂಡತಿಯನ್ನು ಹೇಗೆ ಕೇಳುವುದು?

ಗುಮಾಸ್ತರು ಕನ್ನಡಕ ಏರಿಸಿ ಶುರು ಮಾಡಿದರು. ಹೆಸರು, ರಿಜಿಸ್ಟರ್ ನಂಬರ್, ವಿಳಾಸ. “ಈಗಿರುವ ಪತ್ರಿಕೆ: ಫೈನಾನ್ಷಿಯಲ್ ಅನಾಲಿಟಿಕ್ಸ್. ಬೇಕಾದ ಪತ್ರಿಕೆ: ಕಾರ್ಮಿಕ ಅರ್ಥಶಾಸ್ತ್ರ.”

ಒಳಗೆ ಕುರ್ಚಿ ಎಳೆದ ಸದ್ದಾಯಿತು. ಮುಖ್ಯಸ್ಥರು ಓಡಿಬಂದರು. “ಏಯ್, ಇದೇನೇ ಇದು? ನನಗೆ ಒಂದು ಮಾತು ಹೇಳ್ಬಾರ್ದಿತ್ತಾ?”

“ನನ್ನ ಫಾರಂ ತುಂಬುವಾಗ ನೀವು ನನ್ನನ್ನ ಕೇಳಿದ್ರಾ?” ಎಂದರು ಆಂಟಿ, ತಿರುಗದೆಯೇ.

“ನೀನು ಹೋದ್ರೆ ನಂದು ಒಂಬತ್ತಾಗುತ್ತೆ ಕಣೇ! ನನ್ನ ಪೇಪರೇ ನಿಂತುಹೋಗುತ್ತೆ! ಎಲ್ಲರೂ ಅಲ್ಲಿಗೇ ಹೋಗ್ಬೇಕಾಗುತ್ತೆ! ರೀ, ಆ ಫಾರಂ ಕೊಡ್ರೀ ಇಲ್ಲಿ.”

“ಓದಿ ಮುಗಿಸ್ತೀನಿ ತಡೀರಿ ಸಾರ್,” ಎಂದರು ಗುಮಾಸ್ತರು. ಅವರ ಓದನ್ನು ಪ್ರಿನ್ಸಿಪಾಲರೂ ನಿಲ್ಲಿಸಿದ್ದಿಲ್ಲ. ಅಷ್ಟರಲ್ಲಿ ಕಾರಿಡಾರಿನಲ್ಲಿ ಹತ್ತು ಹದಿನೈದು ಜನ ಸೇರಿದ್ದರು, ಟೈಲರ್ ಅಂಗಡಿಯವನು ಒಂದು ಬೆಂಚಿನ ಮೇಲೆ ಹತ್ತಿ ನಿಂತಿದ್ದ. ಗುಮಾಸ್ತರು ಗಂಟಲು ಸರಿಮಾಡಿಕೊಂಡು ಇನ್ನೂ ಗಟ್ಟಿಯಾಗಿ ಓದಿದರು:

“ಬದಲಾವಣೆಗೆ ಕಾರಣ: ಸಾರ್ ಪಾಠವನ್ನು ಮೂವತ್ತು ವರ್ಷದಿಂದ ಮನೆಯಲ್ಲಿ ಕೇಳುತ್ತಿದ್ದೇನೆ. ಅಲ್ಲಿ ಆಪ್ಷನ್ ಇರಲಿಲ್ಲ.”

ಆಮೇಲೆ ಕೊನೆಯ ಅಚ್ಚಿನ ಸಾಲಿಗೆ ಬಂದರು. “ಮೇಲಿನ ಕಾರಣವು ಸತ್ಯವೆಂದು ನಾನು ಖುದ್ದಾಗಿ ಪರಿಶೀಲಿಸಿ ಒಪ್ಪಿದ್ದೇನೆ. ಸಹಿ, ವಿಭಾಗ ಮುಖ್ಯಸ್ಥರು.” ಕನ್ನಡಕದ ಮೇಲಿನಿಂದ ಒಮ್ಮೆ ನೋಡಿದರು. “ಸಹಿ ನಿಮ್ಮದೇ ತಾನೇ ಸಾರ್?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಸೀಲು ಒತ್ತಿದರು.