ಎರಡು ಕೆಮ್ಮಿದರೆ ಹಸಿರು

...ಅಥವಾ ಆ ಖಣ ಹಸಿರೇ ಇತ್ತೋ? ನೆನಪನ್ನು ನಾನು ನಂಬುವುದಿಲ್ಲ. ಬಣ್ಣದ ವಿಷಯದಲ್ಲಂತೂ ನಮ್ಮವರನ್ನು ಯಾರೂ ನಂಬಬಾರದು! ನನ್ನ ಸೋದರಮಾವನಿಗೆ ಕೆಂಪು, ಹಸಿರು ಎರಡೂ ಒಂದೇ. ಅಂಥವರು ಏನು ಮಾಡಬೇಕು? ಇವರು ಬೈಲಹೊಂಗಲದ ಪೇಟೆಯಲ್ಲಿ ಕುಪ್ಪಸದ ಖಣದ ಅಂಗಡಿ ಇಟ್ಟರು!

ಗುಟ್ಟು ಇದ್ದದ್ದು ಮಾಮಿಯ ಗಂಟಲಲ್ಲಿ. ಮಾಮಾ ಖಣಕ್ಕೆ ಕೈ ಹಾಕಿದರೆ ಹಿಂದೆ ಕುಳಿತ ಮಾಮಿ ಕೆಮ್ಮುವರು. ಒಂದು ಕೆಮ್ಮಿದರೆ ಕೆಂಪು, ಎರಡು ಕೆಮ್ಮಿದರೆ ಹಸಿರು. ಮಾಮಿಗೆ ನೆಗಡಿಯಾದ ವಾರ ಸಿರಸಂಗಿಯ ಬಸುರಿಯೊಬ್ಬಳ ಕುಬಸದ ಕಾರ್ಯಕ್ಕೆ ಹಸಿರಿನ ಬದಲು ಇಡೀ ಗಂಟು ಕೆಂಪು ಖಣ ಹೋಯಿತಂತೆ!

ಮಾಮಾನಿಗೆ ಮೂವರು ಹೆಣ್ಣುಮಕ್ಕಳು. "ನಂದು ಅನ್ನೂದು ಮುಂದ ಏನೂ ಉಳಿಯಂಗಿಲ್ಲ ತಮ್ಮಾ. ನಿಮ್ಮ ಮಾಮಿ ಮೂರೂ ಹೆಣ್ಣ ಹಡದ್ಲು," ಎಂದು ಒಮ್ಮೆ ಮುಖ ಸಣ್ಣ ಮಾಡಿದರು. ನಾನೋ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವ. ಬಿಟ್ಟೇನೆಯೇ? ಖಣಗಳನ್ನೇ ಹರಡಿದೆ.

"ನೋಡ್ರಿ ಮಾಮಾ, ಮಾಮಿ ಹತ್ರ ಎರಡೂ ಹಸರು. ಕೊಟ್ರ ಹಸರ ಕೊಡಬೇಕು. ನಿಮ್ಮ ಹತ್ರ ಒಂದ ಹಸರು, ಒಂದ ಕೆಂಪು. ನೀವು ಹಸರು ಕೊಟ್ರ ಹೆಣ್ಣು, ಕೆಂಪು ಕೊಟ್ರ ಗಂಡು."

"ಅಂದ್ರ ಮೂರೂ ಸಲ ನಾನ..."

"ಅಂಗಡ್ಯಾಗ ಕೊಟ್ಟಂಗ ಮನ್ಯಾಗೂ ನೋಡದ ಕೊಟ್ಟೀರಿ! ನನ್ನ ಪುಣ್ಯಾ, ಮೂರೂ ಚಲೋವ ಬಂದಾವು," ಎಂದರು ಮಾಮಿ. ಕೆಮ್ಮದೆ!

"ನಿಮ್ಮ ಕಣ್ಣಿನ ಗುಣಾನೂ ಆ ಹಸರ ಖಣದಾಗ ಐತಿ," ಎಂದೆ. "ಹೆಣ್ಮಕ್ಕಳ ಒಳಗ ಅಡಗಿ ಕುಂತಿರತೈತಿ. ಅವರ ಗಂಡುಮಕ್ಕಳಿಗೆ ಬಂದ್ರೂ ಬಂದೀತು."

ಶುರುವಾಯಿತಲ್ಲ ಹುಚ್ಚು! ಸುರೇಬಾನದಿಂದ ಹಿರಿಮಗಳ ಮಗ ಬಂದಾಗಲೆಲ್ಲ ಪರೀಕ್ಷೆ. ಟೊಮೇಟೊ ಯಾವ ಬಣ್ಣ? ಕೆಂಪು ಎನ್ನಲು ಕಣ್ಣೇಕೆ ಬೇಕು? ಮೊಮ್ಮಗ ಪ್ರತಿ ಸಲ ಪಾಸು, ಅಜ್ಜ ಪ್ರತಿ ಸಲ ಸಪ್ಪಗೆ.

ಹೋದ ಬೇಸಿಗೆಯಲ್ಲಿ ಗಿರಾಕಿಯೊಬ್ಬಳು ಹಸಿರು ಖಣ ಕೇಳಿದಳು. "ನೀ ತಾ ನೋಡೂನು," ಎಂದರು ಮಾಮಾ ಮೊಮ್ಮಗನಿಗೆ. ಅವನು ಒಂದನ್ನು ಎಳೆದು ತಂದ. ಮಾಮಿ ಕೆಮ್ಮಿದರು. ಒಂದೇ ಸಲ.

"ಕೆಂಪು! ನಂದಪಾ, ಖರೇನ ನಂದು!" ಮಾಮಾ ಹುಡುಗನನ್ನು ಎತ್ತಿ ಕುಣಿದೇ ಬಿಟ್ಟರು. ಆಮೇಲೆ ಹೆಗಲ ಮೇಲಿನ ವಲ್ಲಿಯಲ್ಲಿ ಮುಖ ಮುಚ್ಚಿಕೊಂಡರು, ಬಹಳ ಹೊತ್ತು.

ಗಿರಾಕಿ ಬೇರೆ ಖಣ ಕೇಳಿದ್ದು ನನಗೆ ನೆನಪಿಲ್ಲ. ತಂದದ್ದನ್ನೇ ಕಟ್ಟಿಸಿಕೊಂಡು ಹೋದಳೆಂದು ನೆನಪು. ನಾನು ಮಾಮಾನ ಮುಖವನ್ನೇ ನೋಡುತ್ತಿದ್ದೆ, ಖಣವನ್ನು ನೋಡಲಿಲ್ಲ. ಮಾಮಿ ಕೆಮ್ಮಿದ್ದು ಬಣ್ಣ ನೋಡಿಯೋ, ಗಂಡನ ಮುಖ ನೋಡಿಯೋ, ನನಗೆ ಗೊತ್ತಿಲ್ಲ.