ಸೀರೆ ಅಂಗಡಿಗೆ ಬಂದ ಮನಃಶಾಸ್ತ್ರ

ನಾರಾಯಣಪೇಟೆಯ ಬೇರೆ ಮನೆಗಳಲ್ಲಿ ಹಬ್ಬಕ್ಕೊಮ್ಮೆ ನಗುವಂಥದ್ದು ನಡೆದರೆ, ನಮ್ಮ ಮನೆಯಲ್ಲಿ ಒಲೆ ಹಚ್ಚಿದಷ್ಟು ಸಲ ನಡೆಯುತ್ತದೆ. ಇದರಲ್ಲಿ ನನ್ನ ತಪ್ಪೇನೂ ಇಲ್ಲ. ನಾನು ಹತ್ತನೆಯ ಜಮಾತಿಗೆ ಓದು ನಿಲ್ಲಿಸಿ, ಮದುವೆಯಾಗಿ, ಮಗಳನ್ನು ಹೆತ್ತು, ನೆಟ್ಟಗೆ ರೊಟ್ಟಿ ಬಡಿಯುತ್ತಿದ್ದವಳು. ನನ್ನ ಗಂಡ ಮಾತ್ರ ಹೈದರಾಬಾದು ಸಾಲದೆಂದು ಕಲ್ಕತ್ತೆಯ ತನಕ ಹೋಗಿ ಮನಃಶಾಸ್ತ್ರ ಓದಿ ಬಂದರು. ಅಂದಿನಿಂದ ಶುರುವಾಯಿತು.

೧. ಎಷ್ಟು ದಾರಿ?

ನಮ್ಮದು ಮುಂದೆ ಸೀರೆ ಅಂಗಡಿ, ಪರದೆಯ ಹಿಂದೆ ಮನೆ. ಹಾಗಾಗಿ ಅಂಗಡಿಯಲ್ಲಿ ಆಡಿದ ಮಾತು ಪರದೆಯ ಈಚೆ ನಿಂತ ನನಗೂ ಅತ್ತೆಗೂ ಚೆನ್ನಾಗಿ ಕೇಳುತ್ತದೆ. ಕೇಳದಿದ್ದರೆ ಪರದೆಯನ್ನು ಸ್ವಲ್ಪ ಸರಿಸುತ್ತೇವೆ.

ಗಂಡ ಕಲ್ಕತ್ತೆಯಿಂದ ಬಂದ ದಿನ ಮಾವನವರು ಅಂಗಡಿಯ ಗಾದಿಯ ಮೇಲೆ ಕೂತೇ ಮಗನನ್ನು ವಿಚಾರಿಸಿದರು. "ಇದನ್ನ ಓದಿದವರು ಮುಂದ ಏನಾಗ್ತಾರ?"

"ಭಾಳ ದಾರಿ ಅದಾವ್ರಿ ಅಪ್ಪಾ. ಮನಸ್ಸು ಕೆಟ್ಟವರನ್ನ ನೋಡೋದು ಒಂದು. ಸಣ್ಣ ಮಕ್ಕಳ ಬುದ್ಧಿ ಅಳೆಯೋದು ಒಂದು. ಕಾರ್ಖಾನಿ ಕೂಲಿಯವರದು ಒಂದು. ಆಮ್ಯಾಲ ಗದ್ವಾಲದ ಸರಕಾರಿ ಸಾಲ್ಯಾಗ ನನಗ ಒಂದು ನೌಕರಿ ಐತಿ. ಯಾವ ಹುಡುಗಗ ಏನಾಗೂ ಆಸೆ ಐತಿ, ಯಾವ ಕಸಬು ಒಗ್ಗತೈತಿ ಅಂತ ಕೇಳಿ ದಾರಿ ತೋರಿಸೋದು. ನನಗ ಮನಸಿರೋದು ಅದರ ಮ್ಯಾಲ ರೀ."

ಮಾವನವರು ಕನ್ನಡಕ ತೆಗೆದರು. "ಹುಡುಗರನ್ನ ಕೂಡಿಸಿಕೊಂಡು, ನೀ ಏನಾಗ್ತೀಯಪಾ ಅಂತ ಕೇಳಾಕ ಪಗಾರ ಕೊಡ್ತಾರ?"

"ಹೂನ್ರಿ."

"ನನಗ ಯಾರು ಕೇಳಿದ್ರು?"



ಮಾವನವರು ತೀರ್ಪು ಕೊಟ್ಟರು. "ದಸರಾ ತನಕ ನೋಡ್ತೀನಿ. ಅಷ್ಟರಾಗ ನಿನ್ನ ವಿದ್ಯಾದಿಂದ ಒಬ್ಬರಿಗರೆ ಚಲೋ ಆದದ್ದು ನನ್ನ ಕಣ್ಣಿಗೆ ಬೀಳಬೇಕು. ಬಿತ್ತೋ, ಗದ್ವಾಲಕ್ಕ ಹೋಗು. ಇಲ್ಲಂದ್ರ ಬನ್ನಿ ಕೊಟ್ಟ ಮರುದಿನ ಈ ಗಾದಿ ಮ್ಯಾಲ ಕೂಡು."

ಗಂಡ ಒಳಗೆ ಬಂದು ಮಗಳ ತೊಟ್ಟಿಲು ತೂಗಿದರು. ಮೆಲ್ಲಗೆ, ಬಹಳ ಹೊತ್ತು ತೂಗಿದರು. ಮಗಳು ನನ್ನ ಸೊಂಟದ ಮೇಲೆ ಕೂತು ಅಪ್ಪ ಯಾರನ್ನು ತೂಗುತ್ತಿದ್ದಾರೆ ಎಂದು ನೋಡುತ್ತಿದ್ದಳು.

೨. ಅತ್ತೆಯ ಭಕ್ತಿ

ಮನಃಶಾಸ್ತ್ರ ಓದಿದವರಿಗೆ ಎದುರಿನವರ ಮನಸ್ಸಿನಲ್ಲಿರುವುದೆಲ್ಲ ಕಾಣುತ್ತದೆ ಎಂದು ಓಣಿ ನಂಬಿತು. ನೀರಿಗೆ ಹೋಗುವ ಹೆಂಗಸರು ನಮ್ಮ ಬಾಗಿಲ ಮುಂದೆ ಬಂದಾಗ ಸೆರಗನ್ನು ಹುಬ್ಬಿನ ತನಕ ಎಳೆದುಕೊಳ್ಳತೊಡಗಿದರು.

"ಯಾಕವ್ವಾ, ಹಣಿ ಮುಚ್ಚಿಕೊಂಡೀಯಲ್ಲ?" ಎಂದು ಪಕ್ಕದ ಮನೆಯವಳನ್ನು ಕೇಳಿದೆ.

"ನಿನ್ನ ಗಂಡ ಓದಿಬಿಡ್ತಾರಂತಲ್ಲ!"

"ನಿನ್ನ ಮನಸ್ಸು ಓದಾಕ ಅವರು ಯಾಕ ಬೇಕು? ನೀ ಬಾಯಿ ತೆರದ್ರ ಊರಿಗೆಲ್ಲ ಕೇಳತೈತಿ."

ಓಣಿಯವರು ಇರಲಿ, ಹೆತ್ತ ತಾಯಿಯೇ ನಂಬಿದರು. ಮಗ ತಮ್ಮ ಕಡೆ ನೋಡಿದರೆ ಸಾಕು, ಅತ್ತೆ "ಶಿವ ಶಿವ" ಎನ್ನಲು ಶುರು ಮಾಡುತ್ತಿದ್ದರು. ಊಟಕ್ಕೆ ಬಡಿಸುವಾಗಲೂ ಬಿಡಲಿಲ್ಲ. "ಇನ್ನೊಂದು ರೊಟ್ಟಿ ಹಾಕ್ಲೇನು, ಶಿವ ಶಿವ. ಪುಂಡಿಪಲ್ಯ ಸಾಕೇನು, ಶಿವ ಶಿವ."

ನಾನು ಅವರನ್ನು ಅಡುಗೆಮನೆಯಲ್ಲಿ ಹಿಡಿದು ಕೇಳಿದೆ. "ಏನ್ರಿ ಅತ್ತಿ ಇದು?"

"ಮನಸಿನ ತುಂಬ ಶಿವನ ಹೆಸರು ಇದ್ರ ಬ್ಯಾರೆದು ಅವಗ ಕಾಣೂದಿಲ್ಲ ನೋಡವ್ವ."

"ಮುಚ್ಚಿಡೂವಂಥಾ ಬ್ಯಾರೆದು ನಿಮ್ಮ ಮನಸಿನಾಗ ಏನೈತ್ರಿ?"

ಅತ್ತೆ ಜೋಳದ ಗಡಿಗೆಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ, "ಶಿವ ಶಿವ" ಎಂದರು.

ಆ ದಿನ ಗಂಡ ಸಂತೋಷದಿಂದ ನನಗೆ ಹೇಳಿದರು: "ನಾ ಬಂದ ಮ್ಯಾಲ ಅವ್ವಗ ಭಕ್ತಿ ಎಷ್ಟು ಹೆಚ್ಚಾಗೈತಿ ನೋಡು!"

ಕಲ್ಕತ್ತೆಯಲ್ಲಿ ಇವರನ್ನು ಪಾಸು ಮಾಡಿದವರನ್ನು ಒಮ್ಮೆ ನೋಡಬೇಕು ಅನ್ನಿಸಿತು.

೩. ಮಸಿ

ಮೊದಲ ದಾರಿ, ಮನಸ್ಸು ಕೆಟ್ಟವರದು. ಊರಲ್ಲಿ ಅಂಥವರು ತಾವಾಗಿ ಒಪ್ಪಿಕೊಂಡು ಬರುವುದಿಲ್ಲವಲ್ಲ. ಕೊನೆಗೆ ನಮ್ಮ ಅಂಗಡಿಗೆ ಸೀರೆ ನೇದು ಕೊಡುವ ಒಬ್ಬ ಮುದುಕ ಸಿಕ್ಕ. ಅವನಿಗೆ ಸರಿಯಾಗಿ ನಿದ್ದೆ ಬರುತ್ತಿರಲಿಲ್ಲ.

ಗಂಡನ ಹತ್ತಿರ ಕೆಲವು ಕಾಗದಗಳಿದ್ದವು. ಕಾಗದದ ಮೇಲೆ ಮಸಿ ಚೆಲ್ಲಿ, ನಡುವೆ ಮಡಚಿ, ಬಿಚ್ಚಿದರೆ ಎರಡೂ ಕಡೆ ಒಂದೇ ಥರದ ಕಲೆ ಮೂಡುತ್ತದೆ. ಅದನ್ನು ತೋರಿಸಿದರೆ ಒಬ್ಬನಿಗೆ ಬಾವಲಿ ಕಾಣುತ್ತದಂತೆ, ಒಬ್ಬನಿಗೆ ಭೂತ ಕಾಣುತ್ತದಂತೆ. ಅದರಿಂದ ಅವನ ಒಳಗಿನ ಅಂಜಿಕೆ ತಿಳಿಯುತ್ತದಂತೆ.

ಮುದುಕ ಕಾಗದವನ್ನು ಬೆಳಕಿಗೆ ಹಿಡಿದ. ತಿರುಗಿಸಿದ. ದೂರ ಇಟ್ಟು ನೋಡಿದ.

"ಏನು ಕಾಣ್ತೈತಿ? ಅಂಜಬ್ಯಾಡ, ಹೇಳು," ಎಂದರು ಗಂಡ.

"ಸೆರಗು."

"ಸೆರಗು? ಯಾರ ಸೆರಗು?"

"ಯಾರದಾದ್ರೇನ್ರಿ, ಕೊಂಡವರದು! ಭಲೇ ಐತಿ ನೋಡ್ರಿ. ಎಡಕ್ಕ ಈ ಬುಟ್ಟಾ ಸ್ವಲ್ಪ ಸೊಟ್ಟ ಐತಿ, ಅದನ್ನ ಮಗ್ಗದ ಮ್ಯಾಲ ಸರಿ ಮಾಡ್ತೀನಿ. ಇದನ್ನ ಒಯ್ಯಲೇನ್ರಿ?"

ಗಂಡ ಎಲ್ಲ ಕಾಗದಗಳನ್ನೂ ತೋರಿಸಿದರು. ಮುದುಕನಿಗೆ ಅಂಚು ಕಂಡಿತು, ಸೆರಗು ಕಂಡಿತು, ಒಂದರಲ್ಲಿ ಕುಪ್ಪಸದ ಖಣವೂ ಕಂಡಿತು. ಅಂಜಿಕೆ ಎಲ್ಲೂ ಕಾಣಲಿಲ್ಲ.

ಸ್ವಲ್ಪ ದಿನಕ್ಕೆ ಆ ಮಸಿಯ ಸೆರಗಿನ ಸೀರೆ ನಮ್ಮ ಅಂಗಡಿಗೆ ಬಂತು, ಬಂದಷ್ಟೇ ಬೇಗ ಮಾರಿಹೋಯಿತು. ಗಂಡ ಆಸೆಯಿಂದ ಮಾವನವರ ಮುಖ ನೋಡಿದರು.

"ಅಂವಗ ನಿದ್ದಿ ಬಂತೇನು?" ಎಂದರು ಮಾವ.

ಎಲ್ಲಿಯ ನಿದ್ದೆ! ಹೊಸ ನಮೂನೆಯ ಹುಚ್ಚು ಹಿಡಿದು ಮುದುಕ ಮಗ್ಗ ಬಿಟ್ಟು ಏಳುತ್ತಲೇ ಇರಲಿಲ್ಲ. ಇದ್ದ ನಿದ್ದೆಯೂ ಹೋಗಿತ್ತು.

೪. ಬೆಲ್ಲ

ಎರಡನೆಯ ದಾರಿಗೆ ದೂರ ಹೋಗಬೇಕಿರಲಿಲ್ಲ. ಮಗು ಮನೆಯಲ್ಲೇ ಇತ್ತು.

ಗಂಡ ಮಗಳನ್ನು ಚಾಪೆಯ ಮೇಲೆ ಕೂಡಿಸಿ, ಅವಳ ಕಣ್ಣೆದುರೇ ಒಂದು ಚೂರು ಬೆಲ್ಲವನ್ನು ಬಟ್ಟಲ ಕೆಳಗೆ ಮುಚ್ಚಿಟ್ಟರು. ಪಕ್ಕದಲ್ಲಿ ಇನ್ನೆರಡು ಬಟ್ಟಲು ಕವುಚಿದರು. "ಬೆಲ್ಲ ಎಲ್ಲೈತಿ, ತೋರಿಸು ಪುಟ್ಟಿ. ಈ ವಯಸ್ಸಿಗೆ ನೆನಪಿರಬೇಕು."

ಮಗಳು ಬಟ್ಟಲುಗಳನ್ನು ನೋಡಿದಳು, ಅಪ್ಪನನ್ನು ನೋಡಿದಳು. ಎದ್ದು ತಟಪಟ ನಡೆದು ಅಡುಗೆಮನೆಗೆ ಹೋಗಿ ಅತ್ತೆಯ ಸೆರಗು ಹಿಡಿದು ಎಳೆದಳು. ಅತ್ತೆ ಅವಳ ಕೈಗೆ ಬೆಲ್ಲದ ದೊಡ್ಡ ಹೆಂಟೆಯನ್ನೇ ಕೊಟ್ಟರು.

ಗಂಡನ ಮುಖ ಬಾಡಿತು. "ಹುಡುಕಾಕ ಬರಲಿಲ್ಲ. ಬುದ್ಧಿ ಸ್ವಲ್ಪ ಹಿಂದ ಐತಿ ಅನ್ನಿಸ್ತೈತಿ."

"ಯಾರದು?" ಎಂದೆ ನಾನು.

ಮಗಳು ಬಂದು ತನ್ನ ಹೆಂಟೆಯಿಂದ ಒಂದು ಚೂರು ಮುರಿದು ಅಪ್ಪನ ಬಾಯಿಗಿಟ್ಟಳು. ಆಮೇಲೆ ಬಟ್ಟಲೆತ್ತಿ ಅಲ್ಲಿದ್ದ ಚೂರನ್ನೂ ತೆಗೆದುಕೊಂಡು ಹೋದಳು.

೫. ಮಕ್ತಲದ ಗಿರಣಿ

ಮೂರನೆಯ ದಾರಿ ಕೂಲಿಯವರದು. ಮಕ್ತಲದಲ್ಲಿ ಶೇಂಗಾ ಎಣ್ಣೆಯ ಗಿರಣಿ ಇಟ್ಟವರೊಬ್ಬರು ಮಾವನಿಗೆ ಪರಿಚಯ. ಕೆಲಸ ಚುರುಕಾಗಿ ಸಾಗುವಂತೆ ಮಾಡು ಎಂದು ಗಂಡನನ್ನು ಕರೆಸಿದರು. ಮಕ್ತಲದಲ್ಲಿ ನನ್ನ ಅಕ್ಕ ಇದ್ದಾಳೆಂದು ಮಗಳನ್ನು ಎತ್ತಿಕೊಂಡು ನಾನೂ ಬಂಡಿ ಹತ್ತಿದೆ.

ಗಿರಣಿಯ ಅಂಗಳದಲ್ಲಿ ಹೆಂಗಸರು ಹಾಡುತ್ತ ಶೇಂಗಾ ಸುಲಿಯುತ್ತಿದ್ದರು. ಗಂಡ ಗಡಿಯಾರ ಹಿಡಿದು ಒಂದು ಬೆಳಗು ಕೂತು ನೋಡಿ, ಬೀಸುವ ಹಾಡಿಗೆ ಕೈ ಚುರುಕು, ಮಗಳನ್ನು ಗಂಡನ ಮನೆಗೆ ಕಳಿಸುವ ಹಾಡಿಗೆ ಕೈ ನಿಧಾನ ಎಂದು ಕಂಡುಹಿಡಿದರು. ಎದ್ದು ನಿಂತು, "ಅಕ್ಕಾವ್ರ, ಮಗಳನ್ನ ಕಳಿಸೂ ಹಾಡು ಇನ್ನ ಹಾಡಬ್ಯಾಡ್ರಿ," ಎಂದರು.

ಅವರಲ್ಲಿ ಹಿರಿಯಳು ಮೊರ ಕೆಳಗಿಟ್ಟಳು. "ಯಾಕಪ್ಪಾ, ಮಗಳು ತವರಾಗ ಉಳೀಲೇನು? ನೀ ಹೆಂಡ್ತಿನ್ನ ಕರಕೊಂಡು ಬಂದಾಗ ಅವರವ್ವ ಯಾವ ಹಾಡು ಹಾಡಿದ್ಲು?"

"ಅದ ಹಾಡು ರೀ."

"ನೆನಪೈತೇನು?"

"ಐತಿ ರೀ."

"ಹಂಗಾದ್ರ ಹಾಡು, ಕೇಳೋಣ."

ನನ್ನ ಗಂಡನಿಗೆ ಯಾರು ಏನು ಕೇಳಿದರೂ ಇಲ್ಲ ಅನ್ನಲು ಬರುವುದಿಲ್ಲ. ಗಡಿಯಾರ ಕೈಯಲ್ಲಿ ಹಿಡಿದೇ ಹಾಡಿದರು. ದನಿ ಹೇಗಿತ್ತೆಂದು ನಾನು ಹೇಳಬಾರದು, ಸಂಸಾರ ಮಾಡಬೇಕು. ಆದರೆ ನನ್ನವ್ವ ಹಾಡಿದ ಹಾಡಿನ ಒಂದು ಸೊಲ್ಲನ್ನೂ ಮರೆಯದೆ ಹಾಡಿದರು. ಹೆಂಗಸರು ಮೊದಲು ನಕ್ಕರು. ಆಮೇಲೆ ಮೂಗು ಒರೆಸಿಕೊಂಡರು. ಆಮೇಲೆ ಒಬ್ಬೊಬ್ಬರೇ ಇವರ ಸುತ್ತ ಕೂತು ತಂತಮ್ಮ ಮಗಳ ಕಥೆ ಹೇಳತೊಡಗಿದರು. ಇವರು ಒಬ್ಬೊಬ್ಬರದನ್ನೂ ಕೇಳಿದರು. ಸಂಜೆಯ ತನಕ ಒಂದು ಶೇಂಗಾ ಕಾಯಿಯೂ ಒಡೆಯಲಿಲ್ಲ.

ಗಿರಣಿ ಸಾಹುಕಾರರು ಸಿಟ್ಟಾಗಲಿಲ್ಲ. ತಾವೇ ಬಂಡಿ ಹತ್ತಿಸುತ್ತ ಮೆಲ್ಲಗೆ ಹೇಳಿದರು: "ನಾಳೆ ಒಂದು ದಿನ ನಮ್ಮ ಎದುರಿನ ಗಿರಣಿಗೆ ಹೋಗಿ ಬರ್ತೀರೇನು?"

೬. ರಾಣಿ

ದಸರೆಗೆ ಮುಂಚಿನ ದಿನ ಬಂತು. ಗಂಡ ಪುಸ್ತಕಗಳನ್ನು ಟ್ರಂಕಿನಲ್ಲಿಟ್ಟು ಮುಚ್ಚಿ, ಯಾರೂ ಹೇಳದೆಯೇ ಹೋಗಿ ಅಂಗಡಿಯಲ್ಲಿ ಕೂತರು. ನಾನು ಪರದೆಯ ಹಿಂದಿದ್ದೆ. ನನ್ನ ನಾಲಗೆಗೆ ಅವತ್ತು ಒಂದು ಕೊಂಕು ಮಾತೂ ಬರಲಿಲ್ಲ.

ಮಾಗನೂರಿನಿಂದ ಒಬ್ಬ ಗೌಡತಿ ಮಗಳ ಮದುವೆಗೆ ಸೀರೆ ಕೊಳ್ಳಲು ಬಂದಿದ್ದಳು. ಸೀರೆ ಅಂಗಡಿಯ ರೀತಿ ನಿಮಗೆ ಗೊತ್ತೇ ಇದೆ. ಗಂಡಸು ತಾನೇ ಸೀರೆ ಹೊದ್ದು, ಸೆರಗು ಇಳಿಬಿಟ್ಟು ತೋರಿಸಬೇಕು. ಮಾವನವರು ಗದ್ವಾಲದ ಕೆಂಪು ಸೀರೆಯೊಂದನ್ನು ಭುಜಕ್ಕೆ ಹಾಕಿಕೊಂಡು, ನೆರಿಗೆ ಹಿಡಿದು, ಸೆರಗನ್ನು ತಲೆಯ ಮೇಲೆ ಎಳೆದು, ಅರ್ಧ ಸುತ್ತು ತಿರುಗಿ ನಿಂತರು. ಅಷ್ಟು ಚೆಂದ ತಿರುಗಲು ನನಗೂ ಬರುವುದಿಲ್ಲ.

ಗಂಡ ನೋಡುತ್ತಲೇ ಇದ್ದರು. ಆಮೇಲೆ ಬಹಳ ಮೆತ್ತಗೆ ಕೇಳಿದರು. "ಅಪ್ಪಾ, ಸಣ್ಣಾವರಿದ್ದಾಗ ನಿಮಗ ಏನಾಗೂ ಆಸೆ ಇತ್ರಿ?"

ಮಾವನವರ ಕೈ ಸೆರಗಿನ ಮೇಲೆ ಹಾಗೇ ನಿಂತಿತು. ಬೈಯುತ್ತಾರೆ ಅಂದುಕೊಂಡೆ. ಅವರು ಸೆರಗು ತೆಗೆಯದೆ ಗಾದಿಯ ಮೇಲೆ ಕೂತುಬಿಟ್ಟರು.

"ಬಯಲಾಟದಾಗ ರಾಣಿ ಪಾತ್ರ ಮಾಡ್ತಿದ್ದೆ," ಎಂದರು. "ನಾ ರಾಣಿಯಾಗಿ ಬಂದ್ರ ದಾಮರಗಿದ್ದ ಊರಿನ ಮಂದಿ ಉಸಿರು ಬಿಗಿ ಹಿಡೀತಿದ್ರು. ಅದ ಕಸಬು ಮಾಡಬೇಕಂತಿದ್ದೆ. ನಮ್ಮಪ್ಪ ಬಂದು ಆಟದ ನಡುವೆ ಎಳಕೊಂಡು ಬಂದ. ಈ ಗಾದಿ ಮ್ಯಾಲ ಕೂಡಿಸಿದ. ಗೆಜ್ಜಿ ಬಾವಿಗೆ ಹಾಕಿಸಿದ. ಇಷ್ಟು ವರ್ಷದಾಗ ನನಗ ಯಾರೂ ಕೇಳಿದ್ದಿಲ್ಲ ನೋಡು." ಸೆರಗಿನಿಂದಲೇ ಕಣ್ಣೊರೆಸಿಕೊಂಡರು. ಮಾರುವ ಸೀರೆ ಅದು!

ಪರದೆ ಸರಿಯಿತು. ಅತ್ತೆ ಜೋಳದ ಗಡಿಗೆಯನ್ನೇ ಎತ್ತಿಕೊಂಡು ಬಂದಿದ್ದರು. ಒಳಗೆ ಕೈ ಹಾಕಿ ಗೆಜ್ಜೆ ತೆಗೆದರು. "ಹೊಸದಾಗಿ ಬಂದ ಸೊಸಿ ನಾನು. ಬಾವಿಗೆ ಹಾಕು ಅಂತ ನನ್ನ ಕೈಯಾಗ ಕೊಟ್ಟಿದ್ರು ಮಾವನೋರು. ಮನಸು ಬರಲಿಲ್ಲ. ಇದು ಈ ಹುಡುಗಗ ಕಂಡುಬಿಡ್ತೈತಂತ ಶಿವ ಶಿವ ಅಂದು ಅಂದು ನನ್ನ ಗಂಟಲು ಒಣಗೈತಿ."

ಮಾವನವರು ಗೆಜ್ಜೆಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿದರು. ನನ್ನ ಮಗಳು ಆ ಸದ್ದಿಗೆ ಓಡಿಬಂದು ಅವರ ಮುಂದೆ ಕುಣಿಯತೊಡಗಿದಳು. ಅವರು ಮಗನ ಕಡೆ ನೋಡಿದರು.

"ಒಬ್ಬರಿಗೆ ಚಲೋ ಆದದ್ದು ಕಣ್ಣಿಗೆ ಬೀಳಬೇಕಂದಿದ್ದೆ. ಬಿತ್ತು. ನಾಳೆ ಬನ್ನಿ ಕೊಟ್ಟು ಗದ್ವಾಲಕ್ಕ ನಡಿ. ಒಬ್ಬ ಹುಡುಗನನ್ನೂ ಬಿಡಬ್ಯಾಡ, ಎಲ್ಲರನ್ನೂ ಕೇಳು."

ಗಂಡ ತಂದೆಯ ಕಾಲು ಮುಟ್ಟಿದರು. ಅತ್ತೆ ಅತ್ತರು. ನಾನೂ ಅಳುತ್ತಿದ್ದೆನೇನೋ, ಅಷ್ಟರಲ್ಲಿ ಇಷ್ಟು ಹೊತ್ತೂ ಬಾಯಿ ತೆರೆದು ಕೂತಿದ್ದ ಮಾಗನೂರಿನ ಗೌಡತಿ ತನ್ನ ಕಣ್ಣೊರೆಸಿಕೊಂಡು ಎದ್ದಳು.

"ಸಾವುಕಾರ್ರ, ಮುಗೀತೇನ್ರಿ? ಮುಗಿದಿದ್ರ ರಾಣಿ ಉಟ್ಟ ಸೀರಿನ ನನಗ ಕಟ್ಟಿಕೊಡ್ರಿ."

ಮಾವನವರು ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡರು. "ಇದು ಮಾರಾಟಕ್ಕಿಲ್ಲ ತಾಯಿ. ಬ್ಯಾರೆ ನೋಡು."