ಟಿಯೊ ಕನೂಟೊ ತೀರಿಕೊಂಡ ಪುಟ

ವಿಲ್ಮಾರ್ ಕೊಂದದ್ದು ಒಬ್ಬನನ್ನೇ, ಅದೂ ಕಂಪ್ಯೂಟರಿನಲ್ಲಿ. ಆದರೆ ಆ ಸತ್ತವನು ಹಂದಿ ಕಡಿಯುವ ಕಸುಬಿನವನು, ಮತ್ತು ಬದುಕಿದ್ದ.

ಇಲೊಯ್ಲೊದ ಒಂದು ಸಣ್ಣ ಶವಸಂಸ್ಕಾರದ ಅಂಗಡಿಗೆ ವೆಬ್‌ಸೈಟ್ ಬರೆಯುವುದು ವಿಲ್ಮಾರನ ಕೆಲಸ. ಒಡತಿ ಮನಾಂಗ್ ಪುರಿಂಗ್ ಹೇಳಿದ್ದಳು: "ಗೂಗಲ್‌ನಲ್ಲಿ ನಾವೇ ಮೊದಲು ಬರಬೇಕು. ಒಂದೊಂದು ಬರಂಗಾಯಿಗೂ ಒಂದೊಂದು ಪುಟ. ನಕಲು ಹೊಡೆದು ಊರ ಹೆಸರು ಮಾತ್ರ ಬದಲಾಯಿಸಿದ್ರೆ ನಡೆಯಲ್ಲ. ಆ ಊರಿನ ಜನ ಬೇಕು, ಆ ಊರಿನ ವಾಸನೆ ಬೇಕು."

ತಾಲಿಸೈ ಎಂಬ ಬರಂಗಾಯಿಯ, ಅಂದರೆ ಹಳ್ಳಿಯ, ಪುಟಕ್ಕೆ ಏನೂ ಹೊಳೆಯದೆ ಕೂತಾಗ, ಜೀಪ್ನಿಯ ಕಿಟಕಿಯಿಂದ ಕಂಡ ಒಂದು ಫ್ಲೆಕ್ಸ್ ನೆನಪಾಯಿತು. ಮುದುಕನ ದೊಡ್ಡ ಮುಖ, ಹಿಂದೆ ಬಿಳಿ ಮೋಡ, ಮುಂದೆ ಉರಿಯುವ ಮೇಣದಬತ್ತಿಗಳು, 'ನಮ್ಮ ಪ್ರೀತಿಯ ಟಿಯೊ ಕನೂಟೊ', ಅಂದರೆ ಕನೂಟೊ ಮಾಮ, ಎಂಬ ಬರಹ. ಆ ಊರುಗಳಲ್ಲಿ ಪರೀಕ್ಷೆ ಪಾಸಾದರೂ ಫ್ಲೆಕ್ಸ್, ಸತ್ತರೂ ಫ್ಲೆಕ್ಸ್. ಬತ್ತಿಗಳ ಕೆಳಗಿದ್ದ ಕೇಕನ್ನು ರಸ್ತೆ ಬದಿಯ ಬಾಳೆಗಿಡದ ಎಲೆಯೊಂದು ಮುಚ್ಚಿಕೊಂಡಿತ್ತು. 'ತಾಲಿಸೈನ ಹೆಮ್ಮೆಯ ಟಿಯೊ ಕನೂಟೊ ಅವರನ್ನು ಗೌರವದಿಂದ ಕಳಿಸಿಕೊಟ್ಟವರು ನಾವೇ' ಎಂದು ವಿಲ್ಮಾರ್ ಬರೆದ. ಪುಟ ಬೆಕ್ಕು ಮರ ಹತ್ತಿದಂತೆ ಸರಸರನೆ ಮೇಲಕ್ಕೇರಿತು.

ಮರುದಿನ ಬೆಳಿಗ್ಗೆ ಹೆಣದ ಗಾಡಿಯ ಡ್ರೈವರ್ ಬೋಯೆಟ್ ಬಂದ. "ಟೊಟೊ, ಮರಿ, ಆ ಮುದುಕ ಬದುಕಿದಾನೆ. ಇವತ್ತು ಅವನ ಹುಟ್ಟುಹಬ್ಬ. ಹಂದಿ ಕಡೀತಾ ಕೂತಿದ್ದ."

ವಿಲ್ಮಾರ್ ಕುರ್ಚಿಯಿಂದ ಎದ್ದ. "ಕೋಪದಲ್ಲಿದಾನಾ?"

"ಗೊತ್ತಿಲ್ಲಪ್ಪ. ಬರೆದವನು ಯಾರು, ದಪ್ಪನಾ ಸಣ್ಣನಾ ಅಂತ ಕೇಳಿದ."

ವಿಲ್ಮಾರ್ ಒಡತಿಯ ಕಡೆ ತಿರುಗಿದ. "ಮನಾಂಗ್, ಪುಟ ಅಳಿಸಿಬಿಡ್ತೀನಿ."

"ಮೊದಲನೇದಾಗಿ ಬರ್ತಿದೆ, ಮುಟ್ಟಬೇಡ," ಅಂದಳು ಒಡತಿ. "ನೀನೇ ಹೋಗಿ ಕಾಲು ಹಿಡಿ. ಅವನು ಕ್ಷಮಿಸದಿದ್ರೆ ನಾಳೆಯಿಂದ ಕೆಲಸಕ್ಕೆ ಬರಬೇಡ."

"ಕ್ಷಮಿಸದಿದ್ರೆ ನಾನು ಬರೋದಾದ್ರೂ ಹೇಗೆ?"

"ನಾನು ಕರ್ಕೊಂಡು ಬರ್ತೀನಿ," ಅಂದ ಬೋಯೆಟ್. "ಮಲಗಿಸಿಕೊಂಡು."

ತಾಲಿಸೈನಲ್ಲಿ ಓಣಿ ತುಂಬ ಜನ. ಪುಟ ನೋಡಿ ದೂರದೂರದಿಂದ ಸಾವಿಗೆ ಬಂದವರು. ಹೆಣವಿಲ್ಲವೆಂದು ತಿಳಿದರೂ, ಬಂದ ತಪ್ಪಿಗೆ ಸಾವಿನ ಮನೆಯ ರೂಢಿಯಂತೆ ಇಸ್ಪೀಟಿನ ಮೇಜು ಹಾಕಿಕೊಂಡಿದ್ದರು. ಅಂಗಿಯ ಮೇಲಿದ್ದ ಶವಸಂಸ್ಕಾರದ ಅಂಗಡಿಯ ಹೆಸರು ನೋಡಿ ಗೂಡಂಗಡಿಯ ಹೆಂಗಸರು ವಿಲ್ಮಾರನನ್ನು ಗುರುತು ಹಿಡಿದರು.

"ಬರೆದವನು ಇವನೇ ಅಲ್ವಾ? ಪಾಪ, ಚಿಕ್ಕ ವಯಸ್ಸು."

"ಮದುವೆ ಆಗಿದ್ಯಾ ಟೊಟೊ?"

"ಇಲ್ಲ."

"ಒಳ್ಳೇದಾಯ್ತು ಬಿಡು. ಒಂದು ಹುಡುಗಿ ಬಚಾವಾದಳು."

ಅಂಗಳದಿಂದ ಚಾಕು ಮಸೆಯುವ ಸದ್ದು ಬರುತ್ತಿತ್ತು. ವಿಲ್ಮಾರ್ ಗೇಟಿನೊಳಗೆ ಇಣುಕಿದ. ಅರ್ಧ ಕಡಿದ ಹಂದಿ ಅನಾಥವಾಗಿ ಬಿದ್ದಿತ್ತು. ಚಾಕು ಮಸೆಯುತ್ತಿದ್ದವಳು ಕನೂಟೊನ ಹೆಂಡತಿ ಟಿಯಾ ಲೋಲಿಂಗ್. ವಿಲ್ಮಾರ್ ದೊಪ್ಪನೆ ಮಂಡಿಯೂರಿದ.

"ತಪ್ಪಾಯ್ತು ಟಿಯಾ. ಬೆಳೆಯೋ ಹುಡುಗ, ಹೊಟ್ಟೆಪಾಡು."

"ನೀನೇನಾ ಬರೆದಿದ್ದು? ಏಳಪ್ಪಾ. ದೊಡ್ಡ ಉಪಕಾರ ಮಾಡಿದೆ." ಅವಳು ಚಾಕುವಿನ ತುದಿಯಿಂದಲೇ ತೋರಿಸಿದಳು. ಬಾವಿಯ ಬಳಿ ಕಪ್ಪು ಬಟ್ಟೆಯ ಹೆಂಗಸೊಬ್ಬಳು, ಜೊತೆಗೆ ಫ್ಲೆಕ್ಸಿನ ಮುದುಕನದೇ ಮೂಗಿನ ಇಬ್ಬರು ಮಕ್ಕಳು. "ನಿನ್ನ ಪುಟ ಓದಿ ರೋಹಾಸ್‌ನಿಂದ ಮೊದಲ ಬಸ್ಸಿಗೆ ಬಂದಳು. ಗಂಡನ ಮುಖ ಕೊನೇ ಸಲ ನೋಡಬೇಕಂತೆ. ನನ್ನ ಗಂಡನ ಮುಖ. ಹಂದಿ ವ್ಯಾಪಾರ ಅಂತ ಅವನು ರೋಹಾಸ್‌ಗೆ ಹೋಗ್ತಿದ್ದದ್ದು ಇದಕ್ಕೆ."

"ಟಿಯೊ ಎಲ್ಲಿ?"

"ಇವಳು ಗೇಟು ದಾಟಿದ್ದೇ ತಡ, ಹಿಂದಿನ ಬೇಲಿ ಹಾರಿದ."

ಕಪ್ಪು ಬಟ್ಟೆಯವಳು ಕಣ್ಣೊರೆಸಿಕೊಂಡು ಬಂದಳು. "ಅಕ್ಕಾ, ಇನ್ನೊಂದು ಚಾಕು ಇದ್ರೆ ಕೊಡಿ."

"ತಗೋ," ಅಂದಳು ಟಿಯಾ ಲೋಲಿಂಗ್. ಆಮೇಲೆ ವಿಲ್ಮಾರನ ಕಡೆ ತಿರುಗಿದಳು. "ಪುಟ ತೆಗೀಬೇಡ. ಕತ್ತಲಾಗೋದ್ರೊಳಗೆ ಅದು ನಿಜ ಆಗುತ್ತೆ."

ವಿಲ್ಮಾರ್ ಓಡೋಡಿ ಬಂದು ಅಂಗಡಿ ಸೇರಿಕೊಂಡ. ತನ್ನ ಜೀವ ಉಳಿಯಿತೆಂಬ ಸಮಾಧಾನದಲ್ಲಿ ನೀರು ಕುಡಿಯಲು ಹಿಂದಿನ ಕೋಣೆಗೆ ಹೋದರೆ, ಹೊಸ ಶವಪೆಟ್ಟಿಗೆಯೊಂದರ ಮುಚ್ಚಳ ತಾನೇ ಎದ್ದಿತು. ಒಳಗೆ ಹುಟ್ಟುಹಬ್ಬದ ಅಂಗಿ ತೊಟ್ಟ ಟಿಯೊ ಕನೂಟೊ, ಮುಖ ಸುಣ್ಣ.

"ನೀನೇನಾ ಬರೆದವನು? ಟೊಟೊ, ನಾನು ಸತ್ತೇ ಇರ್ಲಿ. ಮಣ್ಣು ಮಾಡಿದ ಜಾಗ ಒಂದು ಸೇರಿಸು. ದೂರದ್ದು. ದ್ವೀಪ ಆದ್ರೂ ಪರವಾಗಿಲ್ಲ."

ಹೊರಗೆ ಟ್ರೈಸಿಕಲ್ ನಿಂತ ಸದ್ದು. ಕೂಡಲೇ ಟಿಯಾ ಲೋಲಿಂಗಳ ದನಿ: "ನಿಮ್ಮ ಡ್ರೈವರ್ ಹೇಳಿದ, ಆ ಮುದುಕ ಇಲ್ಲಿಗೇ ಬಂದನಂತೆ. ಬಚ್ಚಿಟ್ಟವನನ್ನೂ ಬಿಡಲ್ಲ ನಾವು."

ಮುದುಕ ಮುಚ್ಚಳ ಎಳೆದುಕೊಂಡ. ವಿಲ್ಮಾರ್ ಸುತ್ತ ನೋಡಿದ. ಕಿಟಕಿಗೆ ಸರಳು, ಬಾಗಿಲಿಗೆ ಆ ಇಬ್ಬರು ಹೆಂಡತಿಯರು. ಪಕ್ಕದಲ್ಲಿ ಇನ್ನೊಂದು ಪೆಟ್ಟಿಗೆ ಖಾಲಿ ಇತ್ತು. ಅವನು ಹತ್ತಿ ಮಲಗಿ ಮುಚ್ಚಳ ಎಳೆದುಕೊಂಡ. ಕತ್ತಲಲ್ಲಿ, ಗಿರಾಕಿ ಕಂಡರೆ ಮೈಮರೆಯುವ ಮನಾಂಗ್ ಪುರಿಂಗಳ ಜೇನಿನಂಥ ದನಿ ಅವನಿಗೆ ಕೇಳಿಸಿತು:

"ಎರಡೂ ಒಳ್ಳೇ ಮರದ್ದು ಅಮ್ಮಾ. ಸಂಕೋಚ ಬೇಡ, ತೆಗೆದು ನೋಡಿ."